ಬಾವಿಯ ಹಗ್ಗ ಹಿಡಿದ ಕೈ

ಅಲ್ಲ ಇವರೇ, ‘ಸುಟ್ಟುಹೋದ ಕೊಟ್ಟಿಗೆ ಹತ್ರ ಎಡಕ್ಕೆ ತಿರುಗಿ’ ಅಂದ್ರೆ ಏನರ್ಥ? ಸುಟ್ಟುಹೋದದ್ದು ಅಲ್ಲಿರುತ್ತಾ? ಪೆಟ್ರೋಲ್ ಬಂಕಿನವನು ಹಂಗೇ ಹೇಳಿದ, ದೇವರಾಣೆ! ಹಳೇ ಸ್ಕೂಲು ಇದ್ದ ಕಡೆ ಬಲಕ್ಕಂತೆ, ಪೀಟರ್‌ಸನ್ನನ ಗಾಳಿಯಂತ್ರ ಉರುಳಿಬಿದ್ದ ಕಡೆ ನೆಟ್ಟಗಂತೆ... ನಿಮ್ಮ ಸೀಮೆಯವರಿಗೆಲ್ಲ ಇದೇ ಚಾಳಿ, ಇಲ್ಲದೇ ಇರೋದನ್ನ ತೋರಿಸಿ ದಾರಿ ಹೇಳೋದು. ನಾನೇನು ನೆಬ್ರಾಸ್ಕಾದಲ್ಲಿ ಹುಟ್ಟಿ ಬೆಳೆದವಳಾ? ನನ್ನ ಕಣ್ಣಿಗೆ ಎಲ್ಲಾ ಮರಳುದಿಬ್ಬ, ಎಲ್ಲಾ ಹುಲ್ಲು, ಎಲ್ಲಾ ಒಂದೇ. ನಿಮ್ಮ ಗೇಟಿನ ಮುಂದೆ ಮೂರು ಸಲ ಹಾದುಹೋದೆ. ನೀವು ಈ ಜಗಲಿ ಮೇಲೆ ಕೂತು ನೋಡ್ತಾನೇ ಇದ್ರಿ. ಇದ್ರಿ ತಾನೆ? ಒಂದ್ಸಲ ಕೈ ಬೀಸಿ ಕರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?... ಯಾಕೆ ಹಂಗೆ ನೋಡ್ತೀರಿ? ನನ್ನ ಮೂತಿಗೆ ಏನಾದ್ರೂ ಮೆತ್ತಿದೆಯಾ?

ಹೊರಾಚೆಕ್ ಅನ್ನೋರ ಮನೆ ಬೇಕಿತ್ತು. ಡಾಗ್ನಿ ಹೊರಾಚೆಕ್. ಗಂಡ ಎಮಿಲ್ ಅಂತ, ದನ ಸಾಕೋನು. ಇದಾನೋ ಹೋದನೋ ಗೊತ್ತಿಲ್ಲ, ನಲವತ್ತು ವರ್ಷ ಆಗಿಹೋಯ್ತು... ಗೊತ್ತಾ ನಿಮಗೆ? ಹಾಂ, ತಲೆ ಅಲ್ಲಾಡಿಸಿದ್ರಿ! ಸದ್ಯ. ದೂರನಾ? ದೂರ ಇಲ್ಲ. ಹಂಗಾದ್ರೆ ಒಂದು ಗಳಿಗೆ ಕೂರ್ತೀನಿ, ಸೊಂಟ ಹಿಡ್ಕೊಂಡುಬಿಟ್ಟಿದೆ. ನೀವು ಬೀನ್ಸ್ ಬಿಡಿಸೋದು ನಿಲ್ಲಿಸಬೇಡಿ, ನಾನೇನು ನೆಂಟಳಾ? ನಾಯಿ ಕಚ್ಚಲ್ಲ ತಾನೆ? ಏನಿದರ ಹೆಸರು? ಬ್ಯಾಂಜೊ! ಚೆನ್ನಾಗಿದೆ. ನುಡಿಸೋದು ಬಿಟ್ಟು ನೆಲಕ್ಕೆ ಮಲಗಿಸಿಟ್ಟ ಬ್ಯಾಂಜೊ ವಾದ್ಯದ ಥರಾನೇ ಬಿದ್ಕೊಂಡಿದೆ.

ಕಾಫಿನಾ? ಬೇಡ ಅನ್ನಲ್ಲ... ಅಬ್ಬಾ, ಲೋಟದ ತಳ ಕಾಣುತ್ತಲ್ರೀ ಇದ್ರಲ್ಲಿ! ಬೇಜಾರು ಮಾಡ್ಕೋಬೇಡಿ. ಇಸ್ತಾಂಬುಲ್‌ನಲ್ಲಿ ಕುಡಿದೆ, ಚಮಚ ನೆಟ್ಟಗೆ ನಿಲ್ಲುತ್ತೆ. ಲಿಮಾದಲ್ಲಿ ಕುಡಿದೆ, ಮೂರು ದಿನ ನಿದ್ದೆ ಬರಲಿಲ್ಲ. ಕಾಬೂಲ್‌ನಲ್ಲಿ ಕಾಫಿ ಕೇಳಿ ಚಹಾ ಕುಡಿದೆ. ಸರ್ಕಾರದೋರೇ ಕಳಿಸ್ತಿದ್ರು ನನ್ನ, ಸಿನಿಮಾ ಡಬ್ಬಿ ಜೊತೆ. ‘ಹೋಗು, ಅಮೆರಿಕ ಹೇಗೆ ಹುಟ್ಟಿತು ಅಂತ ಜನಕ್ಕೆ ತೋರಿಸು’ ಅಂತ. ಅರ್ಧ ಗಂಟೆ ಸಿನಿಮಾ, ಬರೀ ಕುಣಿತ, ಒಂದು ಮಾತಿಲ್ಲ. ಅದಕ್ಕೇ ಎಲ್ಲಾ ಊರಿನೋರಿಗೂ ಅರ್ಥ ಆಗ್ತಿತ್ತು... ಅಥವಾ ಎಲ್ಲರಿಗೂ ಅವರವರದೇ ಅರ್ಥ ಆಗ್ತಿತ್ತು.

ಕೋರಾ ಬೆಲಾಮಿ ನನ್ನ ಹೆಸರು. ಕೇಳಿಲ್ಲ ಅಲ್ವಾ? ಮುಖ ನೋಡಿದ್ರೂ ಏನೂ ನೆನಪಾಗಲ್ಲ, ಪ್ರಯತ್ನ ಬಿಡಿ. ನನ್ನ ಮುಖ ಯಾರೂ ನೋಡಿಲ್ಲ. ಕೈ ನೋಡಿದಾರೆ. ಇಗೋ, ಈ ಎರಡು ಕೈ. ಅಂಚೆ ಚೀಟಿ ಮಾಡಿಲ್ಲ ಅನ್ನೋದು ಬಿಟ್ರೆ ಎಲ್ಲಾ ಮಾಡಿದಾರೆ ಈ ಕೈಯನ್ನ. ‘ಒಣ ಬಾವಿ’ ಅಂತ ಸಿನಿಮಾ, ಐವತ್ತರ ದಶಕದ್ದು, ಕಪ್ಪು ಬಿಳುಪು. ಗೊತ್ತಿರಲ್ಲ ನಿಮಗೆ. ದನ, ಹುಲ್ಲು, ಹಿಮ, ಮತ್ತೆ ದನ... ನಿಮಗೆ ಎಲ್ಲಿ ಪುರುಸೊತ್ತು... ನಗ್ತಿದೀರಿ! ನಗಿ ನಗಿ. ಚೆನ್ನಾಗಿ ನಗ್ತೀರಿ.

ಕಥೆ ಏನಂತೀರಾ? ಗಂಡ ಹೆಂಡತಿ ಬಂಡಿ ಕಟ್ಕೊಂಡು ಬರ್ತಾರೆ. ಮರ ಇಲ್ಲ, ನೀರಿಲ್ಲ, ಇಂಥದೇ ಬಯಲು. ನಾಲ್ಕು ಜನ ಗಂಡಸರು ಗಾಳಿಯಾಗಿ ಕುಣೀತಾರೆ, ಉದ್ದುದ್ದ ಬಟ್ಟೆ ಬೀಸ್ತಾ. ಗಂಡ ಬಾವಿ ತೋಡ್ತಾನೆ. ತೋಡ್ತಾ ತೋಡ್ತಾ ಇಳೀತಾನೆ. ಹೆಂಡತಿ ಮೇಲೆ ನಿಂತು ಹಗ್ಗ ಬಿಡ್ತಾಳೆ. ಮರಳು ಕುಸಿಯುತ್ತೆ. ಹಗ್ಗ ಎಳೆದ್ರೆ ಬರೀ ಹಗ್ಗ ಬರುತ್ತೆ. ಅಷ್ಟೇ ಕಥೆ. ಆಮೇಲೆ ಅವಳು ಒಬ್ಬಳೇ.

ಸಿನಿಮಾದಲ್ಲಿ ಅವಳು ಏನೂ ಮಾಡಲ್ಲ. ಬಾವಿಕಟ್ಟೆ ಹತ್ರ ನಿಂತಿರ್ತಾಳೆ, ತಲೆ ಮೇಲೆ ಬಿಸಿಲ ಟೋಪಿ. ನಿಮ್ಮಜ್ಜಿ ಹಾಕಿರ್ತಾರೆ, ಕುದುರೆ ಕಣ್ಣಪಟ್ಟಿ ಥರ ಎರಡೂ ಕಡೆ ಮುಚ್ಚುತ್ತಲ್ಲ, ಅದೇ. ಮುಖ ಕಾಣಲ್ಲ. ಕೈ ಮಾತ್ರ ಆಡುತ್ತೆ. ಇಷ್ಟಿಷ್ಟೇ. ಸುತ್ತ ಗಾಳಿ ಹುಚ್ಚೆದ್ದು ಕುಣೀತಿದೆ, ಇವಳು ಬರೀ ಬೆರಳು... ನೋಡಿದೋರೆಲ್ಲ ಕಣ್ಣೀರು. ‘ಆಹಾ, ಎಂಥ ಸಂಯಮ! ಇಡೀ ನಾಡು ಕಟ್ಟಿದ ಹೆಂಗಸರ ಅಸಹಾಯಕತೆಯನ್ನ ಹತ್ತು ಬೆರಳಲ್ಲಿ ಹಿಡಿದಿದ್ದಾಳೆ’ ಅಂತ ಬರೆದ್ರು. ಪುಸ್ತಕ ಬರೆದ್ರು! ಕಾಲೇಜಲ್ಲಿ ಪಾಠ ಮಾಡ್ತಾರೆ!

ನಿಜ ಹೇಳ್ಲಾ? ಅದು ಕುಣಿತವೇ ಅಲ್ಲ. ಕೈಗುರುತು!

ಗೊತ್ತಾಗಲಿಲ್ಲ ಅಲ್ವಾ, ಹೇಳ್ತೀನಿ. ನಮ್ಮ ಕಸುಬಿನಲ್ಲಿ ರಿಹರ್ಸಲ್‌ಗೆಲ್ಲ ಯಾರೂ ಪೂರ್ತಿ ಕುಣಿಯಲ್ಲ, ಮೈ ಉಳಿಯಬೇಕಲ್ಲ. ಹಾರೋ ಕಡೆ ಎರಡು ಬೆರಳು ಎತ್ತೋದು. ತಿರುಗೋ ಕಡೆ ಬೆರಳು ಸುತ್ತೋದು. ಬೀಳೋ ಕಡೆ ಅಂಗೈ ಮಗುಚೋದು. ನಿಂತಲ್ಲೇ, ಕೈಯಲ್ಲೇ, ಇಡೀ ಕುಣಿತವನ್ನ ಗುರುತು ಹಾಕ್ಕೊಂಡು ಹೋಗೋದು. ಆವತ್ತು ಬೆಳಿಗ್ಗೆ ಕ್ಯಾಮೆರಾ ಬರೀ ಜಾಗ ನೋಡ್ಕೊಳ್ತಿದೆ ಅಂದ್ಕೊಂಡೆ. ಬಿಸಿಲು ಅಂದ್ರೆ ಬಿಸಿಲು! ಪೂರ್ತಿ ಯಾಕೆ ಕುಣೀಲಿ? ಕೈಗುರುತು ಹಾಕ್ಕೊಂಡು ನಿಂತೆ. ಕ್ಯಾಮೆರಾ ಓಡ್ತಾ ಇತ್ತು! ಗಾಳಿಯ ಹುಡುಗರಿಗೆ ಯಾರೋ ಹೇಳಿದ್ರು, ಅವರು ಪೂರ್ತಿ ಕುಣಿದ್ರು. ನನಗೆ ಯಾರೂ ಹೇಳಲಿಲ್ಲ. ಮಧ್ಯಾಹ್ನ ನಿಜವಾದ ಗಾಳಿ ಬಂತು ನೋಡಿ... ನಮ್ಮ ಮಣ್ಣಿನ ಮನೆ, ಬಂಡಿ, ಬಾವಿಕಟ್ಟೆ, ಎಲ್ಲಾ ಎತ್ಕೊಂಡು ಹೋಯ್ತು. ಇನ್ನೊಂದು ಸಲ ಕಟ್ಟೋಕೆ ಯಾರ ಕೈಲೂ ಆಗಲಿಲ್ಲ. ಉಳಿದಿದ್ದು ಆ ಒಂದೇ ರೀಲು.

ನಮಗೆ ಕುಣಿತ ಕಟ್ಟಿಕೊಟ್ಟೋರು ಮಿಸ್ ಹಾಲ್ಡೇನ್. ಸಿನಿಮಾ ತೆರೆಗೆ ಬಂದ ದಿನ ಆ ರೀಲು ನೋಡಿ ಮೂರು ದಿನ ರೂಮಿನ ಬಾಗಿಲು ತೆಗೀಲಿಲ್ಲ. ನಾಲ್ಕನೇ ದಿನ ಪೇಪರಿನಲ್ಲಿ ಹೊಗಳಿಕೆ ಬಂತು. ಹೊರಗೆ ಬಂದು, ‘ನಾನು ಮೊದಲಿಂದ್ಲೂ ಹೀಗೇ ಅಂದ್ಕೊಂಡಿದ್ದು’ ಅಂದ್ರು! ಕಾಫಿ ಕುಡೀತಾ ಅಂದ್ರು, ಕಣ್ಣು ಮಿಟುಕಿಸದೆ! ಅಲ್ಲಿಗೆ ಮುಗೀತು. ಆಮೇಲೆ ಸ್ಟೇಜಿನ ಮೇಲೂ ಬರೀ ಕೈ. ಜನಕ್ಕೆ ಸಿನಿಮಾದಲ್ಲಿ ಕಂಡಿದ್ದೇ ಬೇಕು. ನಿಜವಾದ ಕುಣಿತ... ಓಟ, ಬೀಳೋದು, ಏಳೋದು, ಗಾಳಿಯವರ ಜುಟ್ಟು ಹಿಡಿದು ಎಳೆದಾಡೋದು... ಅಯ್ಯೋ ಅವಳು ಅಸಹಾಯಕಿ ಆಗಿರಲಿಲ್ಲ ಇವರೇ! ಮಹಾಕಾಳಿ ಆಗಿದ್ಲು ಅವಳು! ಅದನ್ನ ಯಾರೂ ನೋಡಲೇ ಇಲ್ಲ. ಇಡೀ ಜಗತ್ತು ಒಬ್ಬ ಹೆಂಗಸು ಬಿಸಿಲಿಗೆ ಸೋಮಾರಿತನ ಮಾಡಿದ್ದನ್ನ ನೋಡಿ ಅತ್ತಿದ್ದು. ನಗು ಬರಲ್ವಾ ನಿಮಗೆ?... ಬರಲ್ಲ. ಸರಿ.

ನೀವೇನಪ್ಪಾ, ಒಂದು ಮಾತಾದ್ರೂ ಆಡಬಾರದಾ. ಆ ಡಾಗ್ನೀನೂ ಹೀಗೇ. ಬಾಯಿಗೆ ಬೀಗ. ನನ್ನ ಬದಲಿ ಅವಳು. ನನಗೆ ಕಾಲು ಉಳುಕಿದ್ರೆ, ಜ್ವರ ಬಂದ್ರೆ ನನ್ನ ಪಾತ್ರ ಕುಣಿಯೋಕೆ ಅಂತ ಇಟ್ಕೊಂಡಿರ್ತಾರಲ್ಲ, ಹಂಗೆ. ಸಿನಿಮಾಗೆ ಮುಂಚೆ ಮಿಸ್ ಹಾಲ್ಡೇನ್ ನನಗೆ ಪೂರ್ತಿ ಕುಣಿತ ಕಲಿಸೋವಾಗ್ಲೇ ಪರದೆ ಹಿಂದೆ ನಿಂತು ನನ್ನ ಬೆನ್ನು ನೋಡಿ ನೋಡಿ ಕಲಿತ್ಲು. ಒಳ್ಳೇ ಕುಣಿತಗಾತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಖ ಮಾತ್ರ ತೊಳೆದಿಟ್ಟ ತಟ್ಟೆ ಅಂತ ಮಿಸ್ ಹಾಲ್ಡೇನ್ ಹೇಳೋರು. ತಟ್ಟೆಯಲ್ಲಿ ಊಟ ಯಾವಾಗ ಬಡಿಸ್ತಾರೋ ಅಂತ ನಾನೂ... ಅಯ್ಯಯ್ಯೋ, ಬೀನ್ಸ್ ಯಾಕೆ ಹಂಗೆ ಲಟಲಟ ಮುರೀತೀರಿ? ಅವಳು ನಿಮಗೆ ಬೇಕಾದೋಳಾ? ನೆಂಟಳಾ? ಹೋಗಲಿ ಬಿಡಿ, ಅವಳಿಗೆ ಹೇಳಬೇಡಿ.

ನಾನು ಅವಳಿಗೆ ಮಾತು ಕೊಟ್ಟಿದ್ದೆ. ಒಂದು ಶನಿವಾರ ಮಧ್ಯಾಹ್ನದ ಆಟ ನಿಂದು ಕಣೆ ಅಂತ. ನಮ್ಮ ತಂಡದಲ್ಲಿ ಒಂದು ಪದ್ಧತಿ ಇತ್ತು: ಪಾತ್ರ ಬಿಟ್ಟುಕೊಡೋಳು ಹೊಸಬಳ ತಲೆಗೆ ಟೋಪಿ ಇಟ್ಟು, ಗದ್ದದ ಕೆಳಗೆ ತನ್ನ ಕೈಯಾರೆ ದಾರ ಕಟ್ಟಬೇಕು. ಕಟ್ಟಿದ ಮೇಲೆ ಪಾತ್ರ ಅವಳದು. ಹಾಗೆ ಕಟ್ತೀನಿ ಅಂದಿದ್ದೆ. ಶನಿವಾರ ಬಂತು, ಸಿನಿಮಾದ ಹೆಸರು ಹಬ್ಬಿತ್ತು, ಜನ ‘ಆ ಕೈ’ ನೋಡೋಕೆ ಸಾಲು ನಿಂತಿದ್ರು. ಮುಂದಿನ ಶನಿವಾರ ಅಂದೆ. ಅದರ ಮುಂದಿನದು ಅಂದೆ. ಅಷ್ಟರಲ್ಲಿ ಈ ಎಮಿಲ್, ಬೂಟಿನ ತುಂಬಾ ಸಗಣಿ ಮೆತ್ಕೊಂಡು, ಥಿಯೇಟರ್ ಹಿಂದಿನ ಬಾಗಿಲಿಗೆ ಬಂದು ನಿಂತ. ಹೋಗಿಬಿಟ್ಲು. ಟೋಪಿ ನನ್ನ ತಲೆ ಮೇಲೇ ಉಳೀತು.

ಅದಕ್ಕೇ ಬಂದಿದ್ದು ನಾನು. ಕಾರಲ್ಲಿ ಡಬ್ಬಿ ಇದೆ, ಅದರೊಳಗೆ ಅದೇ ಟೋಪಿ. ಕೊಟ್ಟು ಹೋಗೋದು, ಅಷ್ಟೇ. ಋಣ ತೀರಿಸೋದು. ಬೇರೇನೂ ಇಲ್ಲ... ಏನಿರುತ್ತೆ ಬೇರೆ? ಯಾಕೆ ಹಂಗೆ ನೋಡೋದು?

ದಾರಿ ಸಿಗಬೇಕಲ್ಲ ಮೊದಲು. ಆ ಪೆಟ್ರೋಲ್ ಬಂಕಿನವನು ಹೇಳ್ತಾನೆ, ಸುಟ್ಟುಹೋದ ಕೊಟ್ಟಿಗೆ ಹತ್ರ ಎಡಕ್ಕೆ ಅಂತೆ. ಸುಟ್ಟುಹೋದದ್ದು ಅಲ್ಲಿರುತ್ತಾ, ನೀವೇ ಹೇಳಿ?... ಏನು? ಹೇಳಿದೆನಾ? ಇರಬಹುದು. ಒಳ್ಳೇ ಜೋಕು ಎರಡು ಸಲ ಹೇಳಬಹುದು, ತಪ್ಪಿಲ್ಲ.

ಉತ್ತರಕ್ಕೆ, ಈ ಬಯಲಿನ ಮೂಲನಿವಾಸಿಗಳು ಲಕೋಟಾ ಜನ, ಅವರ ಊರಲ್ಲಿ ಒಂದ್ಸಲ ಈ ಸಿನಿಮಾ ತೋರಿಸಿದ್ವಿ. ಮುಗಿದ ಮೇಲೆ ಒಬ್ಬ ಅಜ್ಜಿ ಎದ್ದು ನಿಂತ್ರು. ‘ಬಂಡಿ ಬರೋದಕ್ಕೆ ಮುಂಚೆ ಆ ಬಯಲಲ್ಲಿ ಗಾಳಿ ಬಿಟ್ಟು ಯಾರೂ ಇರಲಿಲ್ವಾ ಮಗಳೇ?’ ಅಂದ್ರು. ಅಷ್ಟೇ ಕೇಳಿದ್ದು. ಗಾಳಿಗೆ ನಾಲ್ಕು ಜನ ಕುಣಿಯೋರು ಇಟ್ಟಿದ್ವಿ, ಆ ಅಜ್ಜಿಯ ಜನಕ್ಕೆ ಒಬ್ಬರನ್ನೂ ಇಟ್ಟಿರಲಿಲ್ಲ. ಲೋಕ ಹೊಗಳಿದ ಈ ಕೈ ಮಡಿಚಿಕೊಂಡು ನಿಂತೆ.

ಏನು ಹೇಳ್ತಿದ್ದೆ? ಹಾಂ. ಲಿಂಕನ್ ಕಾಲೇಜಿನ ಹುಡುಗೀರು. ಅವರು ಈಗ ‘ಒಣ ಬಾವಿ’ ಸ್ಟೇಜಿನ ಮೇಲೆ ಮತ್ತೆ ಆಡ್ತಾರಂತೆ. ಕೈಗುರುತಿನ ಕಥೆ ಅವರಿಗೂ ಹೇಳಿದೆ. ಬಾಯಿ ತಡೀಬೇಕಲ್ಲ! ‘ಹಾಗಾದ್ರೆ ನಿಜವಾದ ಕುಣಿತ ಕಲಿಸಿ ಮೇಡಂ’ ಅಂತ ಕಾಲಿಗೇ ಬಿದ್ರು. ಕಲಿಸ್ತೀನಿ ಅಂದೆ. ಮಿಸ್ ಹಾಲ್ಡೇನ್ ಈಗಿಲ್ಲ, ನನ್ನನ್ನ ಬಿಟ್ರೆ ಇನ್ಯಾರಿದಾರೆ? ನನಗೆ ಪೂರ್ತಿ ನೆನಪಿದೆ ಅಂದೆ. ಇದೆ ಕೂಡ! ನೋಡಿ, ಇಲ್ಲೇ ಕೂತು ಕೈಯಲ್ಲೇ ತೋರಿಸ್ತೀನಿ. ಬರೀ ಹಗ್ಗ ಮೇಲೆ ಬಂತಾ... ಮೊದಲು ಅದನ್ನ ಮುಖಕ್ಕೆ ಒತ್ತಿಕೋತಾಳೆ, ಹೀಗೆ. ಆಮೇಲೆ ಓಟ, ಎರಡು ಬೆರಳು, ನೋಡಿ, ಬಂಡಿವರೆಗೂ ಓಟ. ಬಿದ್ದಳು. ಎದ್ದಳು. ಜುಟ್ಟು ಹಿಡಿದಳು, ಒಬ್ಬನದು, ಇನ್ನೊಬ್ಬನದು. ಹಗ್ಗ ತಂದು ತನ್ನ ಸೊಂಟಕ್ಕೇ ಕಟ್ಕೋತಾಳೆ. ಸೊಂಟಕ್ಕೆ ಕಟ್ಕೊಂಡು... ಕಟ್ಕೊಂಡು...

ತಾಳಿ. ಇನ್ನೊಂದ್ಸಲ. ಮುಖಕ್ಕೆ... ಓಟ... ಬಿದ್ದಳು, ಎದ್ದಳು... ಜುಟ್ಟು... ಹಗ್ಗ ಸೊಂಟಕ್ಕೆ... ಆಮೇಲೆ...

ಬಿಸಿಲು. ತಲೆ ಕಾದುಬಿಟ್ಟಿದೆ. ಸ್ವಲ್ಪ ಸುಧಾರಿಸ್ಕೊಂಡ್ರೆ ಬರುತ್ತೆ. ನಿಮ್ಮ ನಾಯಿ ಪಾಪ, ಎಷ್ಟು ಸಾಧು. ಏನಿದರ ಹೆಸರು?

...ಯಾಕೆ? ಬೋಗುಣಿ ಯಾಕೆ ಕೆಳಗಿಟ್ರಿ?

ಕೈ... ನಿಮ್ಮ ಕೈ... ಹಾಂ, ಸೊಂಟಕ್ಕೆ ಕಟ್ಕೊಂಡು... ಹಿಂದಕ್ಕೆ ವಾಲಿ... ಮುಷ್ಟಿ ಮೇಲೆ ಮುಷ್ಟಿ... ಬಂಡಿ! ಬಂಡಿ ಎಳೀತಾಳೆ! ಇಡೀ ಬಂಡಿಯನ್ನ ಬಾವಿ ಕಡೆಗೆ, ಒಬ್ಬಳೇ... ಹೌದು, ಹೌದು! ಆಮೇಲೆ ಬೆರಳು ಬಿಡಿಸಿ, ಮಣ್ಣಿಗೆ ಅಂಗೈ... ತೋಡೋದು, ಬಾವಿ ಅವಳೇ ತೋಡೋದು... ಇದು ಸಿನಿಮಾದಲ್ಲಿ ಇಲ್ಲವಲ್ಲ! ಇದನ್ನ ನೀವು ಎಲ್ಲಿ... ಇದು ಗೊತ್ತಿರೋದು ಈ ಭೂಮಿ ಮೇಲೆ ಇನ್ನೊಬ್ಬಳಿಗೆ ಮಾತ್ರ...

ನೀವು...

ನೀನು.

ಡಾಗ್ನಿ. ಯಾಕೆ ಹೇಳಲಿಲ್ಲವೇ? ಗೇಟಿನ ಹತ್ರ ಇಳಿದಾಗಲೇ ನನ್ನ ಗುರುತು ಹಿಡಿದೆ ಅಲ್ವಾ ನೀನು? ನಿನ್ನ ಮನೆ ಜಗಲಿ ಮೇಲೇ ಕೂತು, ನಿನ್ನ ಕಾಫಿ ಕುಡಿದು, ನಿನ್ನನ್ನೇ ಆಡಿಕೊಳ್ಳೋಕೆ ಬಿಟ್ಯಲ್ಲೇ ನನ್ನ! ತಟ್ಟೆ ಅಂದೆ, ದನ ಅಂದೆ, ಎಮಿಲ್ ಬೂಟಿನ ಸಗಣಿ... ಬಯ್ಯೇ. ಬಾಯಿ ಬಿಟ್ಟು ಬಯ್ಯಿ. ನಲವತ್ತು ವರ್ಷ ಕಣೆ, ಮುಖ ಬದಲಾಗುತ್ತೆ, ಕೂದಲು ಬೆಳ್ಳಗಾಗುತ್ತೆ, ಯಾರಿಗಾದ್ರೂ ಹಂಗೆ ಥಟ್ಟಂತ...

ಹಂಗೆ ನೋಡಬೇಡ. ಕರುಣೆ ಬೇಡ ನಂಗೆ. ಬೇಕಾದ್ರೆ ಹೊಡಿ.

ಸರಿ. ಸರಿ, ಹೇಳ್ತೀನಿ. ಮುಖ ಬದಲಾಗಿರೋದಲ್ಲ. ಗೇಟಿನ ಹತ್ರ ಅಂಚೆ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ, ಹೊರಾಚೆಕ್ ಅಂತ. ಓದಿದೆ. ಮೂರು ಸಲಾನೂ ಓದಿದೆ. ಓದಿದ್ದು ಕಾರು ತಿರುಗಿಸೋದ್ರೊಳಗೆ ಹೋಗಿಬಿಡ್ತಿತ್ತು. ಈಗೀಗ ಹಂಗೇ. ಬರುತ್ತೆ, ಹೋಗುತ್ತೆ. ಡಾಕ್ಟರು ತಲೆಯೊಳಗಿನ ಫೋಟೋ ತೆಗೆದು ತೋರಿಸಿದ. ನಿಮ್ಮ ಮರಳುದಿಬ್ಬದ ಥರಾನೇ ಇತ್ತು, ಅಲ್ಲಲ್ಲಿ ಕುಸಿದಿದೆ. ಮದ್ದಿಲ್ಲ ಅಂದ. ಕಾರು ಓಡಿಸಬೇಡಿ ಅಂದ, ಅದನ್ನ ಮಾತ್ರ ಬೇಕಂತ್ಲೇ ಮರೆತೆ.

ಟೋಪಿ ಕೊಡೋಕೆ ಬಂದೆ ಅಂದಿದ್ದು ಸುಳ್ಳಲ್ಲ. ಪೂರ್ತಿ ನಿಜಾನೂ ಅಲ್ಲ. ಕದಿಯೋಕೆ ಬಂದಿದ್ದೆ ಕಣೆ. ಟೋಪಿ ಕೊಟ್ಟು, ಹಳೇದೆಲ್ಲ ಮಾತಾಡ್ತಾ, ನಿನ್ನ ಹತ್ರ ಕುಣಿತ ಇಸ್ಕೊಂಡು ಹೋಗಿ, ಆ ಹುಡುಗೀರಿಗೆ ನನ್ನದೇ ನೆನಪು ಅಂತ ಕಲಿಸೋಣ ಅಂತ. ಯಾರಿಗೆ ಗೊತ್ತಾಗ್ತಿತ್ತು? ಕೈಗುರುತನ್ನ ಕುಣಿತ ಅಂತ ನಂಬಿದ ಜನ... ಆದರೆ ಈಗ ನೋಡು. ಬಂಡಿ ಎಳೆಯೋದು ನೀನು ಈಗ ತಾನೇ ತೋರಿಸಿದೆ. ಆಮೇಲೆ ಏನು? ಮಣ್ಣಿಗೆ ಅಂಗೈ, ಅದರ ಮುಂಚೆ... ನೋಡಿದ್ಯಾ? ಹೋಯ್ತು. ಹಗ್ಗ ಎಳೀತೀನಿ, ಬರೀ ಹಗ್ಗ ಬರುತ್ತೆ. ಕದಿಯೋಕೂ ಆಗದ ಕಳ್ಳಿ ನಾನು.

ಅಳ್ತಿಲ್ಲ. ಧೂಳು. ನೀನೂ ಅಳಬೇಡ, ತಟ್ಟೆ ಮುಖ ಒದ್ದೆಯಾಗುತ್ತೆ... ಹಾಂ, ಹಂಗೆ ನಗು.

ಕಾರಿನ ಬಾಗಿಲು ತೆಗಿ, ಹಿಂದಿನ ಸೀಟು. ದುಂಡಗಿನ ಡಬ್ಬಿ. ತಾ ಇಲ್ಲಿ. ಬಟ್ಟೆ ಹಳದಿ ತಿರುಗಿದೆ, ಅಂಚು ಇಲಿ ತಿಂದಿದೆ. ಏನೂ ಪರವಾಗಿಲ್ಲ, ನಾವೇನು ಹೊಸದಾಗಿದೀವಾ? ಡಬ್ಬಿಯೊಳಗೆ ಆ ಹುಡುಗೀರ ಫೋನ್ ನಂಬರು ಇದೆ. ಕರೆಸ್ಕೋ. ಇಲ್ಲಿಗೇ ಬರಲಿ, ದಾರಿ ತಪ್ಪಿಸ್ಕೊಂಡು ತಪ್ಪಿಸ್ಕೊಂಡು ಬರಲಿ, ನಿನ್ನ ಹತ್ರ ಕಲೀಲಿ. ಕೋರಾ ಬೆಲಾಮಿ ಹತ್ರ ಇದ್ದಿದ್ದು ಕೈ ಮಾತ್ರ ಅಂತ ಹೇಳು. ನಾನೇ ಹೇಳ್ತಿದ್ದೆ, ಆದರೆ ನನ್ನ ನಂಬಿ ಕೂರೋದು ಈಗ ಬುದ್ಧಿವಂತಿಕೆ ಅಲ್ಲ.

ಬಗ್ಗು. ಇನ್ನೂ ಸ್ವಲ್ಪ. ಯಾವಾಗ್ಲೂ ನನಗಿಂತ ಉದ್ದ ನೀನು, ಅದೇ ನನಗೆ ಹೊಟ್ಟೆಕಿಚ್ಚು. ಗದ್ದ ಎತ್ತು. ದಾರ... ಎಡದ್ದು ಮೇಲೆ, ಬಲದ್ದು ಕೆಳಗೆ... ನೋಡ್ದಾ? ಬೆರಳಿಗೆ ನೆನಪಿದೆ. ತಲೆಗೆ ಇಲ್ಲದ್ದು ಬೆರಳಿಗಿದೆ. ಬಿತ್ತು ಗಂಟು. ಇನ್ನು ಅವಳು ನೀನು. ನಾನಲ್ಲ.

ಇವತ್ತು ಶನಿವಾರ ತಾನೆ?... ಮಂಗಳವಾರನಾ? ಇರಲಿ, ಮಂಗಳವಾರವನ್ನೇ ಶನಿವಾರ ಅಂದ್ಕೋ. ಮಧ್ಯಾಹ್ನವಂತೂ ಹೌದಲ್ಲ. ಅಲ್ಲಿ ನಿಲ್ಲು, ಗಾಳಿಯಂತ್ರದ ಹತ್ರ, ನೀರಿನ ತೊಟ್ಟಿಯೇ ಬಾವಿ. ಮೊಣಕಾಲು ನೋವಾ? ನಿಧಾನಕ್ಕೆ ಮಾಡು, ಎಷ್ಟು ಹೊತ್ತಾದ್ರೂ ಆಗಲಿ. ಕೈಗುರುತು ಮಾತ್ರ ಬೇಡ. ಪೂರ್ತಿ. ಓಡೋ ಕಡೆ ಓಡು, ಬೀಳೋ ಕಡೆ... ಕೂತ್ಕೋ, ಬೀಳಬೇಡ.

ನಾನು ಇಲ್ಲೇ, ಮೆಟ್ಟಿಲ ಮೇಲೆ ಕೂತಿದ್ದೀನಿ. ನಾನು, ಬ್ಯಾಂಜೊ... ಬ್ಯಾಂಜೊ ಅಲ್ವಾ? ಬ್ಯಾಂಜೊ! ಥಿಯೇಟರು ಭರ್ತಿ. ನಾಳೆ ಇದನ್ನ ಮರೆತುಬಿಡ್ತೀನಿ, ಅದು ಬೇರೆ ಮಾತು. ನಾನು ನೋಡಿದೆ ಅನ್ನೋದನ್ನ ನೀನು ನೆನಪಿಟ್ಕೋ.

ತಾಳ ನಾನು ಹಾಕ್ತೀನಿ, ಎಣಿಕೆ ಇನ್ನೂ ಬಿಟ್ಟುಹೋಗಿಲ್ಲ ನನ್ನ. ಹಗ್ಗ ಹಿಡಿ. ತಲೆ ಎತ್ತು, ಮುಖ ಕಾಣಲಿ ಕಣೆ, ಮುಖ ಕಾಣಲಿ ಈ ಸಲ. ಹೂಂ... ಒಂದು...